ಬಾಯೊಳಗಿನ ಕಲ್ಲು

ಮನುಷ್ಯನ ಧೈರ್ಯವನ್ನು ಬಣ್ಣಿಸಬೇಕಾದಾಗ ನಮ್ಮ ಕವಿಗಳು ಬಂಡೆಯನ್ನು ನೆನೆಯುತ್ತಾರೆ. ಚಲನಚಿತ್ರದವರು ನಾಯಕನ ಕೈಯಿಂದ ಬಂಡೆಯನ್ನು ಒಡೆಯಿಸುತ್ತಾರೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಬಂಡೆಗೇನೂ ಬರವಿಲ್ಲ; ಬರವೆಲ್ಲ ನೀರಿಗೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಎಂದು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ನದಿಗಳ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಹುಟ್ಟುವುದೇನೋ ನಿಜ, ಆದರೆ ಅವು ತವರಿನಲ್ಲಿ ನಿಲ್ಲುವ ಹೆಣ್ಣುಮಕ್ಕಳಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆ ಇದು. ಇಲ್ಲಿಯ ಜನ ಯಾವುದನ್ನು ಧೈರ್ಯವೆಂದು ಕರೆಯುತ್ತಾರೆ, ಯಾವ ಹಾಡಿಗೆ ತಲೆದೂಗುತ್ತಾರೆ, ಯಾವ ಚಿತ್ರಕ್ಕೆ ಕಣ್ಣೀರಿಡುತ್ತಾರೆ ಎಂಬುದು ನನಗೆ ಬಹುಕಾಲದಿಂದ ಕುತೂಹಲದ ವಿಷಯವಾಗಿದೆ.

ಚಿತ್ರದ ಮಾತು ಮೊದಲು ಬರಲಿ. ನಮ್ಮ ಕಡೆಯವರಿಗೆ 'ಬಂಗಾರದ ಮನುಷ್ಯ'ನೆಂದರೆ ವಿಶೇಷವಾದ ಮೋಹ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 1972ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ತರುಣರು ಪಟ್ಟಣವನ್ನು ಬಿಟ್ಟು ಹಳ್ಳಿಯ ಜಮೀನಿಗೆ ಮರಳಿದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ರಾಜ್‌ಕುಮಾರರ ರಾಜೀವ ಅಕ್ಕನ ಮನೆಗೆ ಬರುತ್ತಾನೆ; ಭಾವ ತೀರಿಹೋಗುತ್ತಾನೆ; ಸಂಸಾರದ ನೊಗ ಅವನ ಹೆಗಲಿಗೆ ಬೀಳುತ್ತದೆ. ಕಲ್ಲುನೆಲವನ್ನು ಹಸನುಮಾಡಿ ಅವನು ಹೊನ್ನು ಬೆಳೆಯುತ್ತಾನೆ. ಪಿ.ಬಿ. ಶ್ರೀನಿವಾಸರ ಕಂಠದಲ್ಲಿ ಹಾಡು ಮೊಳಗುತ್ತಿರುವಾಗ ನೆಲ ಹಸುರಾಗುವುದನ್ನು ಕಂಡ ಒಣಭೂಮಿಯ ರೈತನಿಗೆ ಮೈ ಜುಮ್ಮೆನ್ನದಿದ್ದೀತೆ?

ಆದರೆ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಹಸುರಾದ ಹೊಲವಲ್ಲ, ಚಿತ್ರದ ಕೊನೆಯ ಭಾಗ. ಸತ್ತ ಭಾವನಿಗೆ ಇನ್ನೊಂದು ಸಂಸಾರವಿತ್ತೆಂಬ ಗುಟ್ಟು ರಾಜೀವನಿಗೆ ತಿಳಿದಿದೆ. ಆ ಮನೆಯ ಹೊರೆಯನ್ನೂ ಅವನು ಸದ್ದಿಲ್ಲದೆ ಹೊತ್ತಿದ್ದಾನೆ. ತಾನು ಸಾಕಿ ಬೆಳೆಸಿದ ಅಕ್ಕನ ಮಗನೇ ಎದುರು ನಿಂತು ಅವನ ನಡತೆಯನ್ನು ಶಂಕಿಸಿದಾಗ ಒಂದು ಮಾತು ಆಡಿದ್ದರೆ ಸಾಕಿತ್ತು. ಆಪಾದನೆ ಅಲ್ಲೇ ಕಳಚಿಬೀಳುತ್ತಿತ್ತು. ಆ ಒಂದು ಮಾತನ್ನು ಆಡದೆ ಅವನು ಮನೆ ಬಿಟ್ಟು ನಡೆಯುತ್ತಾನೆ. ನಮ್ಮ ಸೋದರತ್ತೆಯವರಿಗೆ ಇದು ಎಂದೂ ಒಪ್ಪಿಗೆಯಾದದ್ದಿಲ್ಲ. "ಹೇಳಿಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು?" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಜಗಳಕ್ಕೆ ನಿಲ್ಲುತ್ತಿದ್ದರು. ಹೋಗುತ್ತಿದ್ದದ್ದು ಅವನ ಗಂಟಲ್ಲ, ಅಕ್ಕನ ನೆಮ್ಮದಿ ಎಂದರೆ ಅವರು ಅರೆಕ್ಷಣ ಸುಮ್ಮನಾಗಿ, "ಆದರೂ..." ಎಂದು ಮತ್ತೆ ಆರಂಭಿಸುವರು.

ಹೀಗೆ ಒಂದೇ ಚಿತ್ರದಲ್ಲಿ ಎರಡು ಬಗೆಯ ಬಲವಿದೆ. ಒಂದು, ಸೋಲೊಪ್ಪದೆ ಅಗೆದೇ ತೀರುವ ಬಲ; ಇನ್ನೊಂದು, ತನ್ನನ್ನು ತಡೆದುಕೊಳ್ಳುವ ಬಲ. ಜನ ಮೊದಲನೆಯದನ್ನು ಹಾಡಿಕೊಂಡು ಮನೆಗೆ ಹೋದರು. ಎರಡನೆಯದಕ್ಕೆ ಅತ್ತರು, ಅಷ್ಟೆ.

ಈ ಎರಡನೆಯ ಬಲವನ್ನು ಕಾವ್ಯದಲ್ಲಿ ಹುಡುಕಲು ಚಿಂತಾಮಣಿಯವರು ದೂರ ಹೋಗಬೇಕಾಗಿಲ್ಲ. ಆ ತಾಲ್ಲೂಕಿನದೇ ಊರು ಕೈವಾರ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಸ್ಥಳಪುರಾಣ. ಭೀಮನಿಗಿಂತ ಈಗ ಅಲ್ಲಿ ಹೆಚ್ಚಿನ ಹೆಸರು ಒಬ್ಬ ಬಳೆಗಾರನದು. ಹುಟ್ಟಿದಾಗ ನಾರಾಯಣಪ್ಪ, ಜನರ ಬಾಯಲ್ಲಿ ಕೈವಾರ ತಾತಯ್ಯ, ಅಂಕಿತದಲ್ಲಿ ಅಮರನಾರೇಯಣ. 1726ರಲ್ಲಿ ಹುಟ್ಟಿ 1836ರವರೆಗೆ, ಎಂದರೆ ನೂರಹತ್ತು ವರ್ಷ, ಬಾಳಿದರೆಂದು ಭಕ್ತರ ನಂಬಿಕೆ. ಮಲಾರ ಹೊತ್ತು ಊರೂರು ತಿರುಗಿ, ಹೆಂಗಸರಿಗೆ ಬಳೆ ತೊಡಿಸಿ, ಹಣ ಕೇಳುವುದನ್ನೇ ಮರೆತು ಬರುತ್ತಿದ್ದರಂತೆ. ಇಂಥ ವ್ಯಾಪಾರದಿಂದ ಸಂಸಾರ ನಡೆದೀತೆ? ಮನೆಯಲ್ಲಿ ಕಲಹ. ಕೊನೆಗೆ ಪರದೇಶಿ ಸ್ವಾಮಿಗಳೆಂಬ ಗುರುಗಳು ಮಂತ್ರೋಪದೇಶ ಮಾಡಿ, ಒಂದು ಬೆಣಚುಕಲ್ಲನ್ನು ಬಾಯಲ್ಲಿರಿಸಿ, ಇದು ಕಲ್ಲುಸಕ್ಕರೆಯಾಗುವವರೆಗೆ ಜಪಿಸು ಎಂದರಂತೆ. ಬೆಟ್ಟದ ಗುಹೆಯಲ್ಲಿ ಮೂರು ವರ್ಷ ಕಳೆಯಿತು. ಕಲ್ಲು ಸಿಹಿಯಾಯಿತು ಎನ್ನುತ್ತದೆ ಐತಿಹ್ಯ. ಪದಗಳು ಹೊರಟದ್ದು ಆಮೇಲೆ, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ. ಎರಡು ಭಾಷೆಗಳನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಗಡಿನಾಡಿನಲ್ಲಿ ಯಾವ ಪದ ಯಾವ ಭಾಷೆಯದೆಂದು ಭಜನೆಯವರು ಎಣಿಸುತ್ತ ಕೂರುವುದಿಲ್ಲ.

ಗ್ರೀಸಿನ ಡೆಮಾಸ್ತನೀಸನೂ ಬಾಯಲ್ಲಿ ಕಲ್ಲಿಟ್ಟುಕೊಂಡವನೇ. ಅವನು ಅದನ್ನು ಮಾಡಿದ್ದು ಉಗ್ಗು ನೀಗಿ ಮಹಾವಾಗ್ಮಿಯಾಗಲು. ನಮ್ಮ ಬಳೆಗಾರನ ಕಲ್ಲು ಮಾತನ್ನು ಕಲಿಸಲಿಕ್ಕಲ್ಲ, ಕಾಯಿಸಲಿಕ್ಕೆ. ಗದರಿದವರಿಗೆ ಎದುರಾಡಲು, ತನ್ನ ಪರವಾಗಿ ನಾಲ್ಕು ಮಾತು ಹೇಳಿಕೊಳ್ಳಲು ನಾಲಗೆ ಹೊರಳಿದಾಗಲೆಲ್ಲ ಆ ಕಲ್ಲು ಅಡ್ಡ ಬಂದಿರಬೇಕು. ಕಲ್ಲು ಸಕ್ಕರೆಯಾಯಿತೋ ಇಲ್ಲವೋ, ಪವಾಡದ ಲೆಕ್ಕ ನನಗೆ ಬೇಡ. ಮೂರು ವರ್ಷ ಅದನ್ನು ಉಗುಳದಿದ್ದದ್ದೇ ನನಗೆ ಸಾಕು.

ಇಲ್ಲಿ ಒಂದು ತಕರಾರನ್ನು ದಾಖಲು ಮಾಡಲೇಬೇಕು. ಐತಿಹ್ಯದಲ್ಲಿ ತಾತಯ್ಯನ ಮಡದಿ ಗಯ್ಯಾಳಿ. ಗಂಡ ಬರಿಗೈಯಲ್ಲಿ ಬಂದ ದಿನ ಒಲೆಯ ಮುಂದೆ ಕುಳಿತವಳು ಆಕೆ. ಮಕ್ಕಳ ಹಸಿವಿಗೆ ಉತ್ತರ ಹೇಳಬೇಕಾದವಳೂ ಆಕೆಯೇ. ಗುಹೆಯಲ್ಲಿ ಮೂರು ವರ್ಷ ಕಳೆದವರ ಸ್ಥೈರ್ಯವನ್ನು ಹಾಡುವ ನಾವು, ಆ ಮೂರು ವರ್ಷ ಮನೆಯಲ್ಲಿ ಒಲೆ ಹೊತ್ತಿಸಿದವಳನ್ನು ನೆನೆಯುವುದಿಲ್ಲ. ಆಕೆಯ ಕಡೆಯಿಂದ ಕಟ್ಟಿದ ಒಂದು ಪದವನ್ನೂ ನಾನು ಕೇಳಿಲ್ಲ.

1961ರಲ್ಲಿ ಟಿ.ವಿ. ಸಿಂಗ್ ಠಾಕೂರರ 'ಕೈವಾರ ಮಹಾತ್ಮೆ' ತೆರೆಗೆ ಬಂತು. ಅದೇ ವರ್ಷ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'ನೂ ಬಂತು. ಎರಡರಲ್ಲಿಯೂ ರಾಜ್‌ಕುಮಾರರಿದ್ದರು. ಜನಮನದಲ್ಲಿ ಇಂದಿಗೂ ನಿಂತಿರುವುದು ಚೆನ್ನಮ್ಮನ ಕತ್ತಿ. ಕ್ಯಾಮೆರಾಕ್ಕೆ ಕತ್ತಿ ಕಾಣುವಷ್ಟು ಸುಲಭವಾಗಿ ಬಾಯೊಳಗಿನ ಕಲ್ಲು ಕಾಣುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಒಂದು ಬಾವುಟವನ್ನು ಏರಿಸಬೇಕೆಂದು ಬಂದಿದ್ದವರ ಬಲವೂ ಈ ಎರಡನೆಯ ಜಾತಿಗೇ ಸೇರಿದ್ದು.

ಈ ಭೇದವನ್ನು ನಾನು ಇಷ್ಟು ಎಳೆದು ಹೇಳುತ್ತಿರುವುದು ಕೇವಲ ಕಾವ್ಯಚರ್ಚೆಗಾಗಿಯಲ್ಲ. ಬಂಡೆಯ ಕೆಳಗೆ ನೀರಿದ್ದೇ ಇದೆ, ಛಲ ಬಿಡದೆ ಕೊರೆದವನಿಗೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯನ್ನು ಅರ್ಧ ಶತಮಾನ ಆಳಿತು. ಚಿತ್ರವೇ ಅದನ್ನು ಕಲಿಸಿತೆಂದು ದೂರುವಷ್ಟು ಮೂಢ ನಾನಲ್ಲ. ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿ ಬಂತು. ಇನ್ನೂರು ಅಡಿ ಸಾಲದಾಯಿತು, ಐನೂರು ಸಾಲದಾಯಿತು. ಈಗ ಸಾವಿರ ಅಡಿಯನ್ನು ಮೀರಿಯೂ ಕೊರೆಯುತ್ತಾರೆ. ಒಂದು ಕೊಳವೆ ಒಣಗಿದರೆ ಸಾಲ ತಂದು ಇನ್ನೊಂದು, ಅದೂ ಒಣಗಿದರೆ ಒಡವೆ ಅಡವಿಟ್ಟು ಮತ್ತೊಂದು. ಧೈರ್ಯಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಆಳದಿಂದ ಬಂದ ನೀರು ಫ್ಲೋರೈಡನ್ನೂ ಹೊತ್ತು ತಂದು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿಸಿತು. ದ್ರಾಕ್ಷಿ, ಟೊಮ್ಯಾಟೊ, ಹಿಪ್ಪುನೇರಳೆ ಬೆಳೆದವನ ಶ್ರಮವನ್ನು ಹೀಗಳೆಯುವ ನಾಲಗೆ ನನಗಿಲ್ಲ; ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಆ ಶ್ರಮ ಗುಡ್ಡೆ ಗುಡ್ಡೆಯಾಗಿ ಬಿದ್ದಿರುವುದನ್ನು ಕಂಡಿದ್ದೇನೆ. ಆದರೆ ಎಲ್ಲರೂ ಏಕಕಾಲಕ್ಕೆ ರಾಜೀವನ ಮೊದಲಿನ ಬಲವನ್ನೇ ತೋರಿಸಿದಾಗ ನೆಲದ ಹೊಟ್ಟೆ ಬರಿದಾಯಿತು.

ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದು ಎಷ್ಟರಮಟ್ಟಿಗೆ ಶುದ್ಧ ಎಂಬ ಜಗಳ ಮುಗಿದಿಲ್ಲ. ಪಟ್ಟಣ ಬಳಸಿ ಚೆಲ್ಲಿದ್ದನ್ನು ನದಿಗಳ ತವರು ಕೈಯೊಡ್ಡಿ ಪಡೆಯುವ ಕಾಲ ಬಂತಲ್ಲ ಎಂದು ಹಿರಿಯರು ನಿಟ್ಟುಸಿರಿಡುತ್ತಾರೆ. ಕೆಲವರು ಮಾತ್ರ ಒಂದು ಬೆಳೆಗೇ ತೃಪ್ತರಾಗಿ, ಹನಿನೀರಾವರಿ ಹಾಕಿ, ಹೊಲದ ಮೂಲೆಯಲ್ಲಿ ಕೃಷಿಹೊಂಡ ತೋಡಿ ಮಳೆಗೆ ಕಾಯುತ್ತಾರೆ. ಪಕ್ಕದ ಹೊಲದಲ್ಲಿ ಕೊರೆಯುವ ಲಾರಿ ರಾತ್ರಿಯೆಲ್ಲ ಗುಡುಗುತ್ತಿರುವಾಗ ಸುಮ್ಮನೆ ಮಲಗಿರಲು ಎಂಥ ಎದೆ ಬೇಕೆಂಬುದು ಮಲಗಿದವರಿಗೇ ಗೊತ್ತು. ಅವರ ಮೇಲೆ ಯಾರೂ ಚಿತ್ರ ತೆಗೆಯುವುದಿಲ್ಲ. ತೆಗೆದರೆ, ನಮ್ಮ ಸೋದರತ್ತೆಯಂಥವರು ಮುಂದಿನ ಸಾಲಿನಲ್ಲಿ ಕುಳಿತು, "ಅವನೂ ಒಂದು ಕೊರೆಸಿಬಿಟ್ಟಿದ್ದರೆ ಏನಾಗುತ್ತಿತ್ತು?" ಎಂದು ಕೇಳಿಯೇ ಕೇಳುತ್ತಾರೆ.