ಕಾಲಿನ ಬೆಲೆ

ದೇಹಕ್ಕೆ ಬೆಲೆ ಕಟ್ಟುವದು ಈ ಸೀಮೆಯ ಜನರಿಗೆ ಒಗ್ಗದ ಮಾತು. ಬನಶಂಕರಿಯ ಜಾತ್ರೆಗೆ ಹೊರಟವನಿಗೆ ಬಾದಾಮಿಯ ಹಾದಿಯಲ್ಲಿ ಮೋಟಾರು ಬಡಿದರೆ, ಇಲ್ಲವೆ ಹುನಗುಂದ ಇಳಕಲ್ಲುಗಳನ್ನು ಹಾಯ್ದು ಹೋಗುವ ಹೆದ್ದಾರಿಯಲ್ಲಿ ಲಾರಿ ಕೆಡವಿದರೆ, ಹಿರಿಯರು ಮೊದಲು ಹಣೆಬರಹವನ್ನು ನೆನೆಯುವರು. ಬಳಿಕ ಗಾಡಿಯ ಮಾಲಕನು ಕೈಯಲ್ಲಿಟ್ಟ ನಾಲ್ಕು ಕಾಸು ತೆಗೆದುಕೊಂಡು ಸುಮ್ಮನಾಗುವರು. ಕೋರ್ಟಿಗೆ ಹೋಗಿ ಹಣ ಕೇಳುವದೆಂದರೆ ಗಾಯವನ್ನು ತೋರಿಸಿ ಭಿಕ್ಷೆ ಬೇಡಿದಂತೆ ಎಂಬ ಸಂಕೋಚವು ಮರ್ಯಾದಸ್ಥರ ಮನೆಗಳಲ್ಲಿ ಇಂದಿಗೂ ಉಂಟು.

ಈ ಸಂಕೋಚಕ್ಕೆ ಶಾಸ್ತ್ರದ ಆಧಾರವಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯ ಅಪಘಾತದ ವಿಚಾರವೇ ಬಂದಿದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಸಾರಥಿಯು ದಾರಿ ಬಿಡಿರೆಂದು ಕೂಗಿ ಎಚ್ಚರಿಸಿದ್ದರೆ ದಂಡವಿಲ್ಲ. ಸಾರಥಿಯ ಅಕೌಶಲದಿಂದ ಗಾಡಿ ದಾರಿ ತಪ್ಪಿ ಹಿಂಸೆಯಾದರೆ ಒಡೆಯನಿಗೆ ಇನ್ನೂರು ಪಣಗಳ ದಂಡ. ಅಂಗಕ್ಕೆ ಪೆಟ್ಟು ಮಾಡಿದವನು ಗಾಯಾಳುವು ಗುಣ ಹೊಂದಿ ಏಳುವವರೆಗಿನ ವೆಚ್ಚವನ್ನು, ಎಂದರೆ ಸಮುತ್ಥಾನವ್ಯಯವನ್ನು, ಕೊಡತಕ್ಕದ್ದೆಂದೂ ಅಲ್ಲಿಯೇ ಹೇಳಿದೆ.

ದಂಡವು ಅರಸನ ಬೊಕ್ಕಸಕ್ಕೆ ಸಲ್ಲುವಂಥದು. ಇಂದಿನ ಕಾಯದೆಯಲ್ಲಿ ಪರಿಹಾರವು ನೊಂದವನಿಗೇ ಸಲ್ಲುವದು. 1956ರ ತಿದ್ದುಪಡಿಯಿಂದ ಇದಕ್ಕಾಗಿ ಪ್ರತ್ಯೇಕ ನ್ಯಾಯಮಂಡಳಿಗಳ ಏರ್ಪಾಡಾಯಿತು. 1988ರ ಮೋಟಾರು ವಾಹನ ಕಾಯದೆಯು ಅದನ್ನು ಮುಂದುವರಿಸಿತು. ಮೂರನೆಯವರಿಗಾಗುವ ಹಾನಿಗೆ ವಿಮೆ ಇಳಿಸದೆ ಗಾಡಿಯನ್ನು ದಾರಿಗೆ ತರುವದು ಅಪರಾಧ. ಆದುದರಿಂದ ಕೇಳುವ ಹಣವು ಯಾರ ಕರುಣೆಯೂ ಅಲ್ಲ. ಇಂಥ ದಿನಕ್ಕೆಂದೇ ಮುಂಚಿತವಾಗಿ ತೆಗೆದಿರಿಸಿದ ಗಂಟು.

ನಿಜವಾದ ತೊಡಕು ಬೇರೆ. ಕಾಲಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಇಳಕಲ್ಲಿನ ನೇಕಾರನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಪಾದದಿಂದ ತುಳಿದರೇನೇ ಹಾಸಿನ ಎಳೆಗಳು ತೆರೆದು ಲಾಳಿ ಓಡುವದು. ಅವನ ಮೊಣಕಾಲು ಮಡಚದಂತಾದರೆ ವೈದ್ಯರು ನೂರಕ್ಕೆ 40 ಊನವೆಂದು ಬರೆದಾರು. ಮಗ್ಗವು ಮಾತ್ರ ಪೂರ್ತಿಯಾಗಿ ನಿಲ್ಲುವದು. ವೈದ್ಯರ ಲೆಕ್ಕ ಬೇರೆ, ದುಡಿಮೆಯ ಲೆಕ್ಕ ಬೇರೆ ಎಂಬ ಭೇದವನ್ನು ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿತು. 2014ರಲ್ಲಿ ಕರ್ನಾಟಕದ ಒಬ್ಬ ಕಾಯಿಪಲ್ಯ ಮಾರುವವನ ಮೊಕದ್ದಮೆಯಲ್ಲಿ ಆ ಭೇದವು ಫಲಕ್ಕೆ ಬಂದಿತು. ಬಲಗಾಲು ಕಳೆದುಕೊಂಡ ಆ ತರುಣನು ಕುಳಿತಲ್ಲಿಯೇ ಮಾರಬಹುದೆಂಬ ಎಣಿಕೆಯನ್ನು ನ್ಯಾಯಾಲಯವು ಒಪ್ಪಲಿಲ್ಲ. ಸಗಟು ಪೇಟೆಯಿಂದಲೂ ರೈತರಿಂದಲೂ ಪಲ್ಯವನ್ನು ತರಲು ಕಾಲು ಬೇಡವೇ? ದುಡಿಮೆಯ ಊನವನ್ನು ನೂರಕ್ಕೆ 85 ಎಂದೂ, ತಿಂಗಳ ಆದಾಯವನ್ನು 6,500 ರೂಪಾಯಿ ಎಂದೂ ಅದು ಎಣಿಸಿತು.

ನೇಕಾರನಿಗೆ 38 ವರ್ಷ, ತಿಂಗಳ ಗಳಿಕೆ 10,000 ರೂಪಾಯಿ ಎಂದಿರಲಿ. 2017ರ ತೀರ್ಪಿನಂತೆ ಮುಂದಿನ ವೃದ್ಧಿಗೆಂದು ನೂರಕ್ಕೆ 40 ಕೂಡಿಸಿ, ಬಂದ ಮೊತ್ತವನ್ನು ವರ್ಷದ ಲೆಕ್ಕಕ್ಕೆ ತಂದು, ಆ ವಯಸ್ಸಿಗೆ 2009ರ ತೀರ್ಪು ಗೊತ್ತುಮಾಡಿದ 15ರಿಂದ ಗುಣಿಸಿದರೆ 25,20,000 ಆಗುವದು. ಊನವು 40 ಎಂದಾದರೆ ಗಳಿಕೆಯ ನಷ್ಟಕ್ಕೆ ಅವನಿಗೆ ಬರುವದು 10,08,000. ದುಡಿಮೆಯ ಊನ 80 ಎಂದು ಸಿದ್ಧಪಟ್ಟರೆ 20,16,000. ಈ ಅಂತರವನ್ನು ತುಂಬಲು ವಾಕ್ಚಾತುರ್ಯ ಸಾಲದು. ಪೋಲೀಸರ ವರದಿ, ದವಾಖಾನೆಯ ಚೀಟಿ, ಔಷಧದ ಪಾವತಿ, ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರನ ವಹಿಯ ಪ್ರತಿ, ಮಗ್ಗವನ್ನು ಕಾಲಿಲ್ಲದೆ ನಡೆಸಲಾಗದೆಂದು ಹೇಳಬಲ್ಲ ಸಾಕ್ಷಿ ಬೇಕು.

ಕಾಲವೂ ಕಾಯುವದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಅವಧಿಯನ್ನು ಇಟ್ಟಿದೆ. ಅದರ ಸಿಂಧುತ್ವದ ಪ್ರಶ್ನೆಯು ಸುಪ್ರೀಂ ಕೋರ್ಟಿನ ಮುಂದೆ ಹೋಗಿರುವದು ನಿಜ. ಆದರೂ ಅದನ್ನು ನೆಚ್ಚಿ ದಿನ ಕಳೆಯುವದು ವಿವೇಕವಲ್ಲ. ಅಪಘಾತವು ದೂರದ ಊರಲ್ಲಾದರೂ ತಾನು ವಾಸಿಸುವ ಸೀಮೆಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಕೊಡಬಹುದು. ಇಳಕಲ್ಲಿನವನು ಊರೂರು ಅಲೆಯಬೇಕಾಗಿಲ್ಲ.

ಹೋದ ಕಾಲನ್ನು ಯಾವ ತೀರ್ಪೂ ಮರಳಿ ಕೊಡದು. ಆದರೆ ಮಗ್ಗ ನಿಂತ ಮನೆಯಲ್ಲಿ ಒಲೆ ಉರಿಯಬೇಕು, ಮಕ್ಕಳ ಶಾಲೆ ತಪ್ಪಬಾರದು. ನೆರೆಯವನು ಮಾಲಕನ ರಾಜಿಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ, ಓದುಬರಹ ಬಲ್ಲ ಮನೆಯವರು ಆ ಕಾಗದವನ್ನು ಅವನಿಗೊಮ್ಮೆ ಓದಿ ಹೇಳಿ, ಒಳ್ಳೆಯ ವಕೀಲರ ಬಳಿಗೆ ಜೊತೆಯಾಗಿ ಹೋದರೆ, ಕಲಿತ ವಿದ್ಯೆಗೆ ಅದಕ್ಕಿಂತ ಹೆಚ್ಚಿನ ಸಾರ್ಥಕ್ಯ ಬೇಕಿಲ್ಲ.