ತಾತನ ತುಪಾಕಿ

ಕೆಜಿಎಫ್‌ನವನು ಅಂತ ಹೇಳಿದ ತಕ್ಷಣ ಹಾಸ್ಟೆಲ್ ಹುಡುಗರು ಕೇಳೋ ಮೊದಲ ಪ್ರಶ್ನೆ, "ಮನೇಲಿ ದೊಡ್ಡಮ್ಮ ಇದೆಯಾ?" ಸಿನಿಮಾದ ಆ ಮಷಿನ್ ಗನ್ನು ನಮ್ಮೂರಿಗೆ ತಂದ ಖ್ಯಾತಿ ನೂರಿಪ್ಪತ್ತು ವರ್ಷದ ಚಿನ್ನ ತಂದಿಲ್ಲ. ನಾನು ನಕ್ಕು ಸುಮ್ಮನಾಗ್ತಿದ್ದೆ. ಆದ್ರೆ ನಿಜ ಹೇಳಬೇಕಂದ್ರೆ ನಮ್ಮ ಮನೇಲಿ ಒಂದು ಇತ್ತು. ದೊಡ್ಡಮ್ಮ ಅಲ್ಲ, ಒಂಟಿ ನಳಿಗೆಯ ಹಳೇ ಟ್ವೆಲ್ವ್ ಬೋರ್. ಊರಿಗಾಂನಲ್ಲಿ ಕನ್ನಡ, ತಮಿಳು, ತೆಲುಗು ಯಾವ ಮನೆಯಲ್ಲೂ ಅದಕ್ಕೆ ಒಂದೇ ಹೆಸರು: ತುಪಾಕಿ.

ಅದು ಬಂದಿದ್ದು 1956ರ ಹೊತ್ತಿಗೆ, ಮೈಸೂರು ಸರ್ಕಾರ ಗಣಿಗಳನ್ನ ವಹಿಸಿಕೊಂಡಾಗ. ಜಾನ್ ಟೇಲರ್ ಕಂಪನಿ ಕಾಲದ ಬಿಳಿ ಅಧಿಕಾರಿಗಳು ಒಬ್ಬೊಬ್ಬರಾಗಿ ಊರಿಗೆ ಹೊರಟಿದ್ದರು. ಪಿಯಾನೋ, ಕುರ್ಚಿ, ಪಿಂಗಾಣಿ ಎಲ್ಲಾ ಬಂದಷ್ಟಕ್ಕೆ ಮಾರಾಟ. ತಾತನ ಅಪ್ಪ ಕೊಂಡಿದ್ದು ಇದೊಂದೇ. ಕಾಮಸಮುದ್ರದ ಕಡೆ ಸ್ವಲ್ಪ ಹೊಲ ಇತ್ತು, ಹಂದಿ ಕಾಟ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು. ಆಮೇಲೆ ಅದು ತಾತನ ಹೆಸರಿಗೆ ಬಂತು.

ತಾತ ಚಾಂಪಿಯನ್ ರೀಫ್ ವರ್ಕ್‌ಶಾಪಿನಲ್ಲಿ ಫಿಟ್ಟರ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅವರ ಕೈಗೆ ಕೆಲಸ ಅಂತ ಉಳಿದಿದ್ದು ಆ ತುಪಾಕಿ ಒಂದೇ ಅನ್ನಿಸುತ್ತೆ. ಹಂದಿಗೆ ಅಂತ ಗುಂಡು ಹಾರಿಸಿದ್ದನ್ನ ನಾನು ನೋಡಿಲ್ಲ, ಆಕಾಶಕ್ಕೆ ಒಂದು, ಅಷ್ಟೇ. ಆದರೆ ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಹಚ್ಚಿ, ಮರಕ್ಕೆ ಅಗಸೆ ಎಣ್ಣೆ ಉಜ್ಜಿ ಇಡೋರು. ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತೆ, ಕೊಬ್ಬರಿ ಎಣ್ಣೆ ಒಣಗಲ್ಲ, ಧೂಳು ಹಿಡಿಯುತ್ತೆ. ಇದನ್ನ ನಾನು ಪಾಲಿಮರ್ ಪಾಠಕ್ಕಿಂತ ಮೊದಲು ಕಲಿತಿದ್ದು ಅವರ ಹತ್ತಿರ.

2023ರ ವಿಧಾನಸಭೆ ಚುನಾವಣೆಗೆ ಎಲ್ಲರಂತೆ ನಾವೂ ಠಾಣೆಗೆ ಒಪ್ಪಿಸಿ ರಸೀದಿ ತಂದೆವು. ಫಲಿತಾಂಶ ಬಂದ ಮೇಲೆ ವಾಪಸ್ ತಂದಾಗ ಮಳೆ ಶುರುವಾಗಿತ್ತು. ಅಲ್ಲಲ್ಲಿ ಕೆಂಪು ತುಕ್ಕು. ನಾನು ಆಗ ಎರಡನೇ ಸೆಮಿಸ್ಟರ್ ಮೆಕ್ಯಾನಿಕಲ್. ಮೊಬೈಲಿನಲ್ಲಿ ಹಳೇ ಬಂದೂಕು ರಿಪೇರಿ ವಿಡಿಯೋ ರಾತ್ರಿಯೆಲ್ಲಾ ನೋಡಿ ತಲೆ ತುಂಬಿತ್ತು. ತುಕ್ಕಿನ ಮುದ್ದೆಯೊಂದು ಕೊನೆಗೆ ಕನ್ನಡಿ ಆಗುತ್ತಲ್ಲ, ಆ ಕನ್ನಡಿ ನನಗೂ ಬೇಕಿತ್ತು.

"ನಾನು ಮಾಡ್ಲಾ ತಾತ?"

"ಮಾಡು. ನಾನಿಲ್ಲೇ ಕೂತಿರ್ತೀನಿ."

ನಳಿಗೆ ಬಿಚ್ಚಿದೆ. ಹೊರಗೆ ತಾತ ಹೇಳಿದಂಗೆ ಎಣ್ಣೆ, ಸಣ್ಣ ತಂತಿಯ ನಾರು. ಅದು ಬೇಜಾರಿನ ಕೆಲಸ. ತಳದ ಚಪ್ಪಟೆ ಭಾಗದಲ್ಲಿ ತುಕ್ಕು ಜಾಸ್ತಿ ಇತ್ತು. ತಾತ ಕಾಫಿಗೆ ಅಂತ ಒಳಗೆ ತಿರುಗಿದಾಗ ಎಮೆರಿ ಪೇಪರನ್ನ ಮರದ ತುಂಡಿಗೆ ಸುತ್ತಿ ಹತ್ತು ಸಲ ಉಜ್ಜಿದೆ. ಆಹಾ, ಬೆಳ್ಳಿ ಥರ ಹೊಳೀತು. ತಾತ ಬಂದವರೇ ನನ್ನ ಕೈ ಮೇಲೆ ಒಂದು ಏಟು ಹಾಕಿದರು. ಹೊಡೆದಿದ್ದು ಅದೇ ಮೊದಲು, ಅದೇ ಕೊನೆ.

"ಅದು ತುಕ್ಕಲ್ಲ ಕಣೋ, ಅದರ ಜಾತಕ!"

ಕನ್ನಡಕ ಹಾಕಿಕೊಂಡು ತೋರಿಸಿದರು. ಕಿರೀಟದ ಗುರುತು, ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನದು. ಮಾರುವ ಮುಂಚೆ ಹೆಚ್ಚಿನ ಒತ್ತಡದ ಗುಂಡು ಹಾರಿಸಿ ಪರೀಕ್ಷೆ ಮಾಡಿ ಒತ್ತುವ ಮುದ್ರೆ ಅದು. ಪಕ್ಕದಲ್ಲಿ 12. ಒಂದು ಪೌಂಡ್ ಸೀಸವನ್ನ ಹನ್ನೆರಡು ಸಮ ಗುಂಡು ಮಾಡಿದರೆ ಒಂದು ಗುಂಡಿನ ವ್ಯಾಸ ಎಷ್ಟೋ ನಳಿಗೆಯ ವ್ಯಾಸ ಅಷ್ಟು. ನಂಬಿಕೆ ಇಲ್ಲದಿದ್ದರೆ ಸೀಸದ ಸಾಂದ್ರತೆ ಹಾಕಿ ಲೆಕ್ಕ ಮಾಡಿ, 18.5 ಮಿ.ಮೀ. ಬರುತ್ತೆ. ಅದರ ಕೆಳಗೆ 2½ ಇಂಚು ಅಂತ ತೋಟ ಕೂರುವ ಕೋಣೆಯ ಉದ್ದ. ಇದೇ ಮುಖ್ಯ. ಈಗ ಸಾಮಾನ್ಯವಾಗಿ ಸಿಗುವ ತೋಟ 70 ಮಿ.ಮೀ., ಈ ಕೋಣೆ ಸುಮಾರು 65. ಮೋಸ ಏನಂದ್ರೆ 70ರ ತೋಟ ಇದರೊಳಗೆ ಆರಾಮಾಗಿ ಕೂರುತ್ತೆ. ಯಾಕಂದ್ರೆ 70 ಅನ್ನೋದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಮುಂದಿನ ಕಿರಿದಾದ ಭಾಗಕ್ಕೆ ನುಗ್ಗಿ ದಾರಿ ಕಟ್ಟುತ್ತೆ, ಒತ್ತಡ ಏರುತ್ತೆ. ಥಿಕ್ ಸಿಲಿಂಡರ್ ಪಾಠದಲ್ಲಿ ಲಾಮೆ ಸಮೀಕರಣ ಬಂದ ದಿನ ನನಗೆ ನೆನಪಾಗಿದ್ದು ಆ ಪುಟ್ಟ 2½. ಅದನ್ನ ಅಳಿಸಿದ್ದರೆ ಮುಂದೆ ಯಾರದೋ ಎಡಗೈ ಬೆರಳು ಹೋಗ್ತಿತ್ತು.

ಅದು ಉಳಿದಿತ್ತು. ಆದರೆ ನಂಬರಿನ ಕೊನೆಯ ಅಂಕಿ ಮಸುಕಾಗಿತ್ತು. ಮೂರೋ ಎಂಟೋ ಗೊತ್ತಾಗದಷ್ಟು. ಆಯುಧದ ಗುರುತಿನ ಸಂಖ್ಯೆ ಅಳಿಸೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ ಅಂತ ನಾನು ಆಮೇಲೆ ಓದಿದೆ. ತಾತ ಓದದೆಯೇ ತಿಳಿದಿದ್ದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಕರೆದು ಹೊಳೆಯುವ ಜಾಗವನ್ನ ಸರಿ ಮಾಡಿಸಿದರು. ತೆಳ್ಳಗೆ ತುಕ್ಕು ಹಿಡಿಸು, ಕುದಿಯೋ ನೀರಲ್ಲಿ ಅದ್ದು, ಕೆಂಪು ಕಪ್ಪಾಗುತ್ತೆ, ಬ್ರಷ್ಷಿಂದ ಒರೆಸು, ಮತ್ತೆ ಮೊದಲಿಂದ. ಕೆಂಪು ಆಕ್ಸೈಡು ಕುದಿದು ಕಪ್ಪು ಮ್ಯಾಗ್ನಟೈಟ್ ಆಗೋದು. ಐದು ದಿನ, ಅಮ್ಮನ ಇಡ್ಲಿ ಪಾತ್ರೆ. (ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.) ತುಕ್ಕನ್ನ ತುಕ್ಕಿಂದಲೇ ತಡೆಯೋ ಈ ಉಪಾಯದ ಮುಂದೆ ಆ ವಿಡಿಯೋಗಳ ಕನ್ನಡಿ ಹೊಳಪು ನನಗೆ ಈಗ ಅಸಹ್ಯ.

2024ರ ಮಾರ್ಚಿನಲ್ಲಿ ತಾತ ಹೋದರು. ಲೈಸೆನ್ಸಿನವರೇ ಇಲ್ಲದ ಮೇಲೆ ಆಯುಧ ಮನೇಲಿ ಇರೋ ಹಾಗಿಲ್ಲ. ದೊಡ್ಡಪ್ಪನ ಜೊತೆ ನಾನೂ ಠಾಣೆಗೆ ಹೋದೆ. ಲೋಕಸಭೆ ಚುನಾವಣೆ ಘೋಷಣೆ ಆಗಿತ್ತು. ಟಾಟು ಸುತ್ತಿದ ಬಂದೂಕು ಹಿಡಿದು ನಾಲ್ಕೈದು ರೈತರು ನಿಂತಿದ್ದರು. ಅವರದ್ದು ವಾಪಸ್ ಬರುತ್ತೆ.

ನಂಬರ್ ತಾಳೆ ನೋಡುತ್ತಿದ್ದವರು ಕೊನೆಯ ಅಂಕಿ ಹತ್ತಿರ ನಿಂತರು. "ಇದ್ಯಾಕ್ರೀ ಹಿಂಗೆ? ಯಾರು ಉಜ್ಜಿದ್ದು?"

"ಹಳೇದು ಸಾರ್, ತುಕ್ಕು" ಅಂದರು ದೊಡ್ಡಪ್ಪ. ಅವರಿಗೆ ನಿಜವಾಗ್ಲೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ. ಅದೇ ನಂಬರು ನಳಿಗೆ ಕೂರುವ ಉಕ್ಕಿನ ಮೇಲೂ ಇತ್ತು, ಅದು ಸ್ಪಷ್ಟವಾಗಿತ್ತು, ಎಂಟು. ಬರೆದುಕೊಂಡರು. ತಪ್ಪು ತಾತನ ಲೆಕ್ಕಕ್ಕೆ ಹೋಗಿದ್ದರೆ? ಹಾಗಾದರೂ ಬಾಯಿ ಬಿಡ್ತಿದ್ನಾ ಅಂತ ನನ್ನನ್ನೇ ಕೇಳಿಕೊಂಡಿದ್ದೀನಿ. ಉತ್ತರ ಪ್ರತಿಸಲ ಒಂದೇ ಬರಲ್ಲ.

ದೊಡ್ಡಪ್ಪ ಇರೋದು ಬೆಂಗಳೂರಿನ ಫ್ಲಾಟಿನಲ್ಲಿ, ಹೊಲ ಗುತ್ತಿಗೆಗೆ ಹೋಗಿದೆ. ವಾರಸುದಾರನಾಗಿ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಇಲ್ಲ ಡೀಲರಿಗೆ ಮಾರಬೇಕು. ನೆನಪಿಗೆ ಗೋಡೆಗೆ ಹಾಕೋಣ ಅಂತ ಅತ್ತೆಯ ಸಲಹೆ. ಕಾಯ್ದೆಯ ವಿನಾಯಿತಿ ನಾನೇ ಓದಿ ನೋಡಿದೆ: ಹಳೇದಾದರೆ ಸಾಲದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂತಿರಬೇಕು. ಅಂದ್ರೆ ತಾತ ಅರವತ್ತು ವರ್ಷ ಕಾಪಾಡಿದ್ದನ್ನ ವೆಲ್ಡ್ ಮಾಡಿ ಮುಚ್ಚಿಸಬೇಕು. "ನಿನಗೆ ವರ್ಕ್‌ಶಾಪ್ ಗೊತ್ತಲ್ಲ, ಹೇಳು" ಅಂತ ದೊಡ್ಡಪ್ಪ ಎರಡು ಸಲ ಫೋನ್ ಮಾಡಿದರು. ನಾನು ಇಂಟರ್ನಲ್ಸ್ ಇದೆ ಅಂದೆ.

ಕಳೆದ ಆಯುಧ ಪೂಜೆಗೆ ಅಮ್ಮ ಯಥಾಪ್ರಕಾರ ಚಾಪೆ ಹಾಸಿ ತಾತನ ಸ್ಪ್ಯಾನರು, ಕ್ಯಾಲಿಪರು, ನಳಿಗೆ ತೊಳೆಯೋ ಕಡ್ಡಿ ಎಲ್ಲಾ ಸಾಲಾಗಿ ಇಟ್ಟರು. ಕಡ್ಡಿಯ ಪಕ್ಕ ಉದ್ದಕ್ಕೆ ಜಾಗ ಖಾಲಿ ಉಳಿಯಿತು. ಸ್ವಲ್ಪ ಹೊತ್ತು ನೋಡಿ, ನನ್ನ ಸೈಂಟಿಫಿಕ್ ಕ್ಯಾಲ್ಕುಲೇಟರ್ ತಂದು ಅಲ್ಲಿಟ್ಟು ಕುಂಕುಮ ಹಚ್ಚಿದರು. ಎಂಟರ ಬಟನ್ನಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಕೆಂಪಿದೆ. ಒರೆಸಿಲ್ಲ.