ಗ್ಯಾಸು ಎಲ್ಲಿ ಹೋಯಿತು?

ಸೆಕೆ ಎಂದರೇನೆಂದು ಮುಂಬಯಿಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲೊಮ್ಮೆ, ಮಳೆ ಹೋದ ಮೇಲೆ ಅಕ್ಟೋಬರಿನಲ್ಲೊಮ್ಮೆ, ವರ್ಷಕ್ಕೆರಡು ಸಲ ನಾವೆಲ್ಲ ಅದರ ಪಾಠ ಓದಿದವರೇ. ಊರಿನಲ್ಲೂ ಸೆಕೆಯಿದೆ. ಆದರೆ ಅಲ್ಲಿ ಜಗಲಿಯಿದೆ, ಬಾವಿಯ ತಣ್ಣೀರಿದೆ. ಇಲ್ಲಿರುವುದು ಸಿಗ್ನಲು. ಆ ಸಿಗ್ನಲಿನಲ್ಲಿ ಕಾರಿನ ಏ.ಸಿ. ಕೈಕೊಟ್ಟರೆ ಏನಾಗುತ್ತದೆಂಬುದನ್ನು ಕಳೆದ ಬೇಸಗೆಯಲ್ಲಿ ನಾವು ಚೆನ್ನಾಗಿ ಅನುಭವಿಸಿದೆವು.

ನಾವು ಎಂದರೆ ಬಾಂದ್ರಾದಲ್ಲಿ ಕಡಲಿಗೆ ಹತ್ತಿರದ ಹಳೆಯ ಕಟ್ಟಡವೊಂದರಲ್ಲಿರುವ ಗಂಡ ಹೆಂಡತಿ ಇಬ್ಬರು, ಎಂಬತ್ತು ದಾಟಿದ ಅಮ್ಮ, ಮತ್ತು ಹತ್ತು ವರ್ಷದ ಒಂದು ಸಣ್ಣ ಕಾರು. ಅಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಮಾಹೀಂ ಕಾಸ್‌ವೇ ದಾಟಿ ಮಾಟುಂಗಾದ ಕಡೆ ಕರೆದುಕೊಂಡು ಹೋಗಿ ಬರಬೇಕು. ಕುಡಿಯುವ ನೀರಿಗೂ ಡಾಕ್ಟರರು ಅಳತೆ ಹಾಕಿಕೊಟ್ಟಿದ್ದಾರೆ. ಹೀಗಾಗಿ ನಮ್ಮ ಮನೆಯಲ್ಲಿ ಕಾರಿನ ಏ.ಸಿ. ಎಂಬುದು ಷೋಕಿಯ ವಸ್ತುವಲ್ಲ.

ಮಾರ್ಚ್ ತಿಂಗಳ ಒಂದು ದಿನ ಅಮ್ಮ, "ಮಗಾ, ಇದೆಂತದು? ಗಾಳಿ ಬರ್ತದೆ, ತಂಪೇ ಇಲ್ಲ" ಎಂದರು. ಹತ್ತಿರದ ಗ್ಯಾರೇಜಿಗೆ ಹೋದೆವು. ಅಲ್ಲಿಯ ಹುಡುಗ ಬಾನೆಟ್ಟನ್ನು ಪೂರ್ತಿ ಎತ್ತುವ ಮೊದಲೇ "ಸಾಬ್, ಗ್ಯಾಸ್ ಖತಮ್" ಎಂದು ತೀರ್ಪು ಕೊಟ್ಟ. ಗ್ಯಾಸು ತುಂಬಿಸಿದ, ತಂಪಾಯಿತು, ಹಣ ಕೊಟ್ಟು ಬಂದೆವು. ಏಪ್ರಿಲಿನಲ್ಲಿ ಮತ್ತೆ ಅದೇ ಬಿಸಿಗಾಳಿ, ಅದೇ ಹುಡುಗ, ಅದೇ ತೀರ್ಪು. ಎರಡನೆಯ ಸಲವೂ ಹಣ ಕೊಟ್ಟೆವು. ಗ್ಯಾಸು ಎಲ್ಲಿ ಹೋಯಿತೆಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ.

ಮೇ ನಡುವಿನಲ್ಲಿ ಅದರ ಬೆಲೆ ತೆತ್ತೆವು. ಡಯಾಲಿಸಿಸ್ ಮುಗಿಸಿ ಹಿಂತಿರುಗುವಾಗ ಅಮ್ಮನ ರಕ್ತದೊತ್ತಡ ಇಳಿದಿರುವುದು ಸಾಮಾನ್ಯ. 1845ರಲ್ಲಿ ತೆರೆದ ಆ ಕಾಸ್‌ವೇಯ ಮೇಲೆ ಮಧ್ಯಾಹ್ನದ ಎರಡು ಗಂಟೆಗೆ ವಾಹನಗಳು ಅಲುಗಾಡದೆ ನಿಂತಿದ್ದವು. ಏ.ಸಿ. ಬಿಸಿಯುಸಿರು ಬಿಡತೊಡಗಿತು. ಗಾಜು ಇಳಿಸಿದರೆ ಖಾಡಿಯ ವಾಸನೆ, ಪಕ್ಕದ ಬಸ್ಸಿನ ಹೊಗೆ. ಅಮ್ಮನ ತಲೆ ನಮ್ಮಾಕೆಯ ಹೆಗಲಿಗೆ ವಾಲಿತು. ಕರೆದರೆ ಉತ್ತರವಿಲ್ಲ. ನೀರು ಕೊಡೋಣವೆಂದರೆ ಆ ದಿನದ ಪಾಲು ಆಗಲೇ ಮುಗಿದಿತ್ತು. ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತ, ಹಾಳೆ ಮಡಚಿ ಗಾಳಿ ಬೀಸುತ್ತ ಕುಳಿತ ಆ ಇಪ್ಪತ್ತು ನಿಮಿಷಗಳನ್ನು ನಾವಿನ್ನೂ ಮರೆತಿಲ್ಲ. ಮನೆಯ ಫ್ಯಾನಿನ ಕೆಳಗೆ ಕಣ್ಣು ಬಿಟ್ಟ ಅಮ್ಮ, "ನಿಮ್ಮ ಅಪ್ಪನ ಫಿಯೆಟ್ಟಿನಲ್ಲಿ ಮೂಲೆಗೊಂದು ಪುಟ್ಟ ಗಾಜಿತ್ತಲ್ಲ, ತಿರುಗಿಸಿದರೆ ಮುಖಕ್ಕೇ ಗಾಳಿ" ಎಂದಷ್ಟೇ ಹೇಳಿದರು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಗಾಡಿಗಳು ಟ್ಯಾಕ್ಸಿಗಳಾಗಿಯೂ ಮುಂಬಯಿ ರಸ್ತೆಗಳಿಂದ 2023ರಲ್ಲಿ ಮಾಯವಾದವು. ಅವಕ್ಕೆ ಏ.ಸಿ. ಕೆಡುವ ಚಿಂತೆಯೇ ಇರಲಿಲ್ಲ.

ಮರುದಿನ ಸ್ನೇಹಿತರೊಬ್ಬರ ಮಾತಿನಂತೆ ಖೇರ್‌ವಾಡಿಯ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರಲ್ಲಿಗೆ ಹೋದೆವು. ನಮ್ಮ ಕತೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗ್ಯಾಸೇನು ಪೆಟ್ರೋಲೇ, ಓಡಿಸಿದಷ್ಟೂ ಖರ್ಚಾಗಲು?"

ನಮ್ಮ ಅಜ್ಞಾನ ಆಗ ನಮಗೆ ತಿಳಿಯಿತು. ಮಣ್ಣಿನ ಹೂಜಿಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖವನ್ನು ಒಯ್ಯುತ್ತದಷ್ಟೆ. ಕಾರಿನ ಏ.ಸಿ.ಯ ಗುಟ್ಟೂ ಅದೇ. ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ದ್ರವ ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಮುಂದಕ್ಕೆ ಕಳಿಸುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗೆ ಚೆಲ್ಲಿ ಮತ್ತೆ ದ್ರವವಾಗುತ್ತದೆ. ಹೂಜಿಯ ನೀರು ಹಾರಿಹೋಗುತ್ತದೆ. ಇದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಒಂದೆರಡು ತಿಂಗಳಲ್ಲೇ ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಮೇಸ್ತ್ರಿ ಪರೀಕ್ಷಿಸಿದ ಕ್ರಮ ಓದುಗರಿಗೂ ಉಪಯೋಗವಾದೀತು. ಮೊದಲು ಗಾಳಿಯ ರಭಸ ನೋಡಿದರು. ಗಾಳಿಯೇ ಕಡಿಮೆಯಾದರೆ ಧೂಳು ಕಟ್ಟಿದ ಕ್ಯಾಬಿನ್ ಫಿಲ್ಟರೋ ಬ್ಲೋವರೋ ಕಾರಣ. ಅದಕ್ಕೆ ಗ್ಯಾಸು ತುಂಬಿಸುವುದು ದಂಡ. ಓಡುವಾಗ ತಂಪು, ಸಿಗ್ನಲಿನಲ್ಲಿ ಬಿಸಿ ಎಂದಾದರೆ ಕಂಡೆನ್ಸರಿನ ಫ್ಯಾನು ತಿರುಗುತ್ತಿದೆಯೇ, ಜಾಲರಿಯಲ್ಲಿ ಕಸ ತುಂಬಿದೆಯೇ ನೋಡಬೇಕು. ಗಾಳಿ ಜೋರಾಗಿದ್ದೂ ಎಲ್ಲೂ ತಂಪಿಲ್ಲವಾದರೆ ಕಂಪ್ರೆಸರ್ ಹಿಡಿಯುತ್ತಿದೆಯೇ, ಫ್ಯೂಸು, ರಿಲೇ ಸರಿಯಿವೆಯೇ ಎಂಬುದು ಮುಂದಿನ ಪ್ರಶ್ನೆ. ಗ್ಯಾಸು ತೀರ ಇಳಿದಾಗ ಕಂಪ್ರೆಸರ್ ಹಾಳಾಗದಿರಲೆಂದು ಪ್ರೆಷರ್ ಸ್ವಿಚ್ಚು ಅದನ್ನು ತಡೆಯುವುದೂ ಉಂಟು. ಏಕೆಂದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ.

ಕೊನೆಗೆ ಕೊಳವೆಗಳಿಗೆ ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿದರು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆಯೇ. ಕಂಡೆನ್ಸರಿನ ಕೆಳಮೂಲೆಯಲ್ಲಿ ಎಣ್ಣೆಯ ಕಲೆಯಿತ್ತು. ಅಲ್ಲಿಯೇ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದವು. "ಸಮುಂದರ್ ಕಾ ಕಾಮ್ ಹೈ" ಎಂದರು ಮೇಸ್ತ್ರಿ. ನಾವು ದುಬಾರಿ ಬಾಡಿಗೆ ಕೊಟ್ಟು ಸೇವಿಸುವ ಬಾಂದ್ರಾದ ಕಡಲ ಗಾಳಿ, ಬಯಲಲ್ಲಿ ನಿಂತ ಕಾರಿನ ಅಲ್ಯೂಮಿನಿಯಂ ಜಾಲರಿಯನ್ನು ಉಪ್ಪಿನಿಂದ ಸದ್ದಿಲ್ಲದೆ ತಿಂದುಹಾಕಿತ್ತು.

ಸೋರುವ ಗ್ಯಾಸಿನಿಂದ ನಮ್ಮ ಜೇಬಿಗಷ್ಟೇ ನಷ್ಟವಲ್ಲ. ಹಳೆಯ ಆರ್-12 ಓಝೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಅದರ ಬದಲಿಗೆ ಬಂದ, ನಮ್ಮ ಕಾರಿನಲ್ಲಿರುವ ಆರ್-134ಎ ಓಝೋನಿಗೆ ನಿರಪಾಯಕಾರಿ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಮರ್ಥ. ತಂಪಿಗೆಂದು ನಾವು ಎರಡು ಸಲ ಕೊಂಡದ್ದು ಸೆಕೆಯನ್ನೇ!

ಹೊಸ ಕಂಡೆನ್ಸರಿಗೆ ಎರಡು ಸಲದ ಗ್ಯಾಸಿಗಿಂತ ಹೆಚ್ಚು ಹಣವಾಯಿತೆಂಬುದು ನಿಜ. ಅದನ್ನು ಮಾರ್ಚಿನಲ್ಲೇ ಕೊಟ್ಟಿದ್ದರೆ ಕಾಸ್‌ವೇಯ ಆ ಮಧ್ಯಾಹ್ನ ತಪ್ಪುತ್ತಿತ್ತು. ಮೇಸ್ತ್ರಿ ಅರ್ಧ ಗಂಟೆ ವ್ಯಾಕ್ಯೂಮ್ ಪಂಪು ಓಡಿಸಿ ಒಳಗಿನ ಗಾಳಿ, ತೇವಗಳನ್ನೆಲ್ಲ ತೆಗೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಮು ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕೆಲವು ನಿಮಿಷ ಏ.ಸಿ. ಹಾಕಿ, ಸೀಲುಗಳಿಗೆ ಎಣ್ಣೆ ಮುಟ್ಟಬೇಕು. ಆಗಾಗ ಕಂಡೆನ್ಸರಿಗೆ ಸಿಹಿನೀರು ಹರಿಸಿ, ಉಪ್ಪು ತೊಳೆದುಹೋಗಲಿ. ಕೊಳವೆಗಳನ್ನು ಮಾತ್ರ ನೀವೇ ಬಿಚ್ಚಬೇಡಿ, ಗ್ಯಾಸು ಸಿಡಿದರೆ ಕಣ್ಣಿಗೇ ಅಪಾಯ ಎಂದು ಬುದ್ಧಿ ಹೇಳಿ ಕಳಿಸಿದರು.

ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದೆವು. ಪ್ರತಿ ಸಲ ಡಯಾಲಿಸಿಸ್ಸಿನ ಮುಂಚೆಯೂ ಆಮೇಲೂ ತೂಕದ ಯಂತ್ರ ಹತ್ತಿ ಇಳಿಯುವ ಅವರಿಗೆ ತಕ್ಕಡಿಯ ಮಾತು ಹಿಡಿಸಿತು.

"ಗ್ಯಾಸನ್ನೂ ತೂಗಿಯೇ ಹಾಕ್ತಾರಾ? ಹಾಗಾದ್ರೆ ನನ್ನ ಹಾಗೇ ಆಯ್ತು. ಹೆಚ್ಚೂ ಆಗ್ಬಾರ್ದು, ಕಡಿಮೆಯೂ ಆಗ್ಬಾರ್ದು."

ಮುಂದಿನ ವಾರ ಅದೇ ಕಾಸ್‌ವೇಯ ಮೇಲೆ ಅದೇ ಎರಡು ಗಂಟೆಗೆ ನಿಂತಿದ್ದೆವು. ಅಮ್ಮ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು, "ಸ್ವಲ್ಪ ಕಡಿಮೆ ಮಾಡು ಮಾರಾಯ, ಚಳಿಯಾಗ್ತದೆ" ಎಂದರು. ಆ ಒಂದು ಮಾತನ್ನು ಕೇಳಲು ನಾವು ಮೂರು ತಿಂಗಳು ಕಾದಿದ್ದೆವು.